ವಾರ್ತೆ ಓದಿದವಳು

ಆ ಶುಕ್ರವಾರ ಸಂಜೆ ಅಡುಗೆಮನೆಯ ನಲ್ಲಿ ಕಿತ್ತು ಬಾರದೇ ಇದ್ದಿದ್ದರೆ ಬಡಗಿ ಅಷ್ಟು ಬೇಗ ಮನೆಗೆ ಬರುತ್ತಿರಲಿಲ್ಲ. ನಲ್ಲಿ ಬುಡಸಮೇತ ಕಳಚಿ, ನೀರು ಸೂರಿಗೆ ಚಿಮ್ಮಿ, ಹಿಟ್ಟಿನ ಡಬ್ಬಿ, ಈರುಳ್ಳಿ ಬುಟ್ಟಿ, ಅತ್ತೆಯ ಚಪ್ಪಲಿ ಎಲ್ಲ ತೇಲತೊಡಗಿದಾಗ ಅವನ ಹೆಂಡತಿ ತೂತಿಗೆ ಬಟ್ಟೆ ಒತ್ತಿ ಹಿಡಿದುಕೊಂಡು, "ನಿಮ್ಮಪ್ಪನಿಗೆ ಫೋನ್ ಮಾಡೇ, ಇದ್ದ ಹಾಗೆ ಬರಬೇಕಂತೆ ಅನ್ನು" ಎಂದು ಮಗಳಿಗೆ ಕೂಗಿದಳು. ಮಗಳು ಫೋನ್ ಮಾಡಿದಳು. ಅವನು ಇದ್ದ ಹಾಗೇ ಬಂದ.

ದೂರವೇನಲ್ಲ. ಬಡಾವಣೆಯ ಜನರೇ ಸಂಘ ಕಟ್ಟಿಕೊಂಡು ನಡೆಸುತ್ತಿದ್ದ ಹೈಸ್ಕೂಲು ಅದು; ಅದರ ಹಿಂಗೋಡೆಗೆ ಅಂಟಿಕೊಂಡಂತೆ ನೌಕರರಿಗೆಂದು ಕಟ್ಟಿಸಿದ ಎರಡು ಕೋಣೆಯ ಮನೆ ಇವರದು. ಮುರಿದ ಬೆಂಚು, ಕಚ್ಚಿಕೊಂಡ ಬಾಗಿಲು, ಕಿಟಕಿಯ ಚಿಲಕ, ಎಲ್ಲಕ್ಕೂ ಬಡಗಿಯನ್ನೇ ಕರೆಯುತ್ತಿದ್ದರು. ಹೆಂಡತಿ ಪೇಟೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಮಗಳು ಅದೇ ಶಾಲೆಯ ಹತ್ತನೇ ತರಗತಿ. ದಿನಾ ಬೆಳಿಗ್ಗೆ ಗಂಟೆ ಹೊಡೆದ ಮೇಲೆ ಮೈಕಿನಲ್ಲಿ ಶಾಲಾ ವಾರ್ತೆ ಓದುವುದು ಅವಳ ಕೆಲಸ. ಫುಟ್‌ಬಾಲಿನಲ್ಲಿ ಯಾರು ಗೆದ್ದರು, ರಸಪ್ರಶ್ನೆ ಯಾವತ್ತು, ಯಾರ ಕೊಡೆ ಕಳೆದಿದೆ, ಲೈಬ್ರರಿ ಪುಸ್ತಕ ವಾಪಸು ಕೊಡದ ಪುಣ್ಯಾತ್ಮರು ಯಾರು ಎಂಬುದನ್ನೆಲ್ಲ ಅವಳ ಬಾಯಲ್ಲಿ ಕೇಳಿದರೇ ಮಕ್ಕಳಿಗೆ ಸಮಾಧಾನ. ಅಜ್ಜಿ ಅವಳಿಗೆ 'ರೇಡಿಯೊ' ಎಂದೇ ಹೆಸರಿಟ್ಟಿದ್ದಳು. "ನಮ್ಮ ರೇಡಿಯೊಗೆ ಬ್ಯಾಟರಿ ಮಾತ್ರ ಮುಗಿಯೋದೇ ಇಲ್ಲ" ಎಂದು ಬಂದವರೆದುರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ನಲ್ಲಿ ರಿಪೇರಿಯಾಗಿ, ನೆಲ ಒರೆಸಿ, ನಾಲ್ವರೂ ಊಟಕ್ಕೆ ಕೂತಾಗ ಕತ್ತಲಾಗಿತ್ತು. ಅನ್ನ, ಬೇಯಿಸಿದ ಮೊಟ್ಟೆ. ಬಡಗಿ ಕೈ ತೊಳೆಯುತ್ತಾ ಅಂದ: "ವಾರ್ಷಿಕೋತ್ಸವದ ಸ್ಟೇಜಿನ ಹಿಂದಿನ ಚೌಕಟ್ಟಿಗೆ ಬೋಲ್ಟ್ ಹಾಕೋದು ಬಾಕಿ ಇದೆ. ಮೊಳೆ ಹೊಡೆದು ಸುಮ್ನೆ ನಿಲ್ಸಿ ಬಂದಿದೀನಿ. ಬೆಳಿಗ್ಗೆ ಹೋಗಿ ಹಾಕ್ತೀನಿ."

"ಬೆಳಿಗ್ಗೆ ಬುಗುರಿ ತಂಡದ ಪ್ರಾಕ್ಟೀಸ್ ಇದೆ ಅಪ್ಪಾ" ಎಂದಳು ಮಗಳು.

"ಹತ್ತು ಗಂಟೆಗೆ ತಾನೇ? ಅಷ್ಟರೊಳಗೆ ಆಗತ್ತೆ. ಉಪ್ಪು ಕೊಡು."

ಅಷ್ಟೇ ಮಾತು. ತಾಯಿ ಉಪ್ಪು ಕೊಟ್ಟಳು.

ಬುಗುರಿ ಎಂದರೆ ಶಾಲೆಯ ನೃತ್ಯತಂಡದ ನಾಯಕಿ. ಒಂದೇ ಕಾಲಿನ ಮೇಲೆ ಗಿರಗಿರನೆ ತಿರುಗುತ್ತಿದ್ದುದರಿಂದ ಆ ಹೆಸರು. ಮಗಳ ಗೆಳತಿ. ವಾರ್ಷಿಕೋತ್ಸವ ಹತ್ತಿರ ಬಂದಿತ್ತು; ತಂಡದ ಹೆಜ್ಜೆ ಇನ್ನೂ ಕೂಡಿರಲಿಲ್ಲ. ಆ ಹುಡುಗಿ ಕಾವಲುಗಾರನನ್ನು ಕಾಡಿ ಬೇಡಿ ಸಭಾಂಗಣದ ಬೀಗ ತೆಗೆಸಿಕೊಂಡು, ಶನಿವಾರ ಹತ್ತಕ್ಕೆ ಬದಲು ಎಂಟಕ್ಕೇ ಹನ್ನೆರಡು ಜನರನ್ನು ಸ್ಟೇಜಿನ ಮೇಲೆ ನಿಲ್ಲಿಸಿದಳು. ಬಡಗಿ ಆಗ ಮನೆಯಲ್ಲಿ ಚಹಾ ಕುಡಿಯುತ್ತಿದ್ದ. ಮೊದಲು ಒಂದು ಸದ್ದು, ಮರದ ರಾಶಿಯನ್ನು ಲಾರಿಯಿಂದ ಸುರಿದ ಹಾಗೆ. ಆಮೇಲೆ ಮಕ್ಕಳ ಕೂಗು. ಅವನು ಲೋಟ ಕೆಳಗಿಡಲಿಲ್ಲ, ಕೈಬಿಟ್ಟ.

ಹಿಂಬದಿ ಕುಸಿದಿತ್ತು. ಹೆಚ್ಚಿನವರಿಗೆ ತರಚು ಗಾಯ. ಹಿಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ಒಬ್ಬ ಹುಡುಗನ ಬಲಗಾಲು ಮಾತ್ರ ಹಲಗೆಗಳ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಶಾಲೆಯ ಫುಟ್‌ಬಾಲ್ ತಂಡದ ಗೋಲು ಕಾಯುವವನು, ಎಲ್ಲರ ಬಾಯಲ್ಲೂ 'ಗೋಲಿ'. ಬಡಗಿಯೇ ಮೊದಲು ಓಡಿ ಹೋಗಿ ಹಲಗೆ ಎತ್ತಿದವನು. ಚೌಕಟ್ಟನ್ನು ಎಳೆದು, ಮುರಿದು, ಹುಡುಗನನ್ನು ಹೊರಗೆ ತೆಗೆಯುವ ಹೊತ್ತಿಗೆ ಯಾವುದಕ್ಕೆ ಬೋಲ್ಟ್ ಇತ್ತು, ಯಾವುದಕ್ಕೆ ಇರಲಿಲ್ಲ ಎಂದು ಯಾರಿಗೂ ಹೇಳಲಾಗದಷ್ಟು ಎಲ್ಲ ಚೆಲ್ಲಾಪಿಲ್ಲಿಯಾಗಿತ್ತು.

ಮಧ್ಯಾಹ್ನ ಸಂಘದ ಇಬ್ಬರು ಹಿರಿಯರು ಬಂದರು. ಹೆಡ್ ಮಿಸ್ ಬಡಗಿಯನ್ನು ಕರೆದು ಕೇಳಿದರು: "ಸ್ಟೇಜು ಸರಿಯಾಗಿತ್ತಾ?"

"ಸರಿಯಾಗಿತ್ತು ಮೇಡಂ" ಎಂದ ಬಡಗಿ.

"ಎಷ್ಟು ಜನರಿಗೆ ಮಾಡಿದ್ದು?"

"ನೀವು ಎಂಟು ಅಂದಿದ್ರಿ."

"ಅವಳು ಹನ್ನೆರಡು ಜನರನ್ನ ಹತ್ತಿಸಿದಾಳೆ" ಎಂದರು ಹೆಡ್ ಮಿಸ್ ಹಿರಿಯರ ಕಡೆ ತಿರುಗಿ. ಅಲ್ಲಿಗೆ ವಿಚಾರಣೆ ಮುಗಿಯಿತು.

ಮನೆಯಲ್ಲಿ ಮುಗಿಯಲಿಲ್ಲ. ಭಾನುವಾರ ಮಧ್ಯಾಹ್ನ ತಾಯಿ ಆಲೂಗಡ್ಡೆ ಸುಲಿಯುತ್ತಿದ್ದಾಗ ಮಗಳು ಆಸ್ಪತ್ರೆಯಿಂದ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಗೋಲಿ ಕಾಲು ತೆಗೆದ್ರು. ಮೊಣಕಾಲಿನ ಕೆಳಗೆ."

ಅಜ್ಜಿ ಮಂಚದ ಮೇಲೆ ಎದ್ದು ಕೂತಳು. ಬಡಗಿ ಗೋಡೆಗೆ ಒರಗಿ ಕೂತಿದ್ದವನು ಹಾಗೇ ಕೂತಿದ್ದ.

"ಅಪ್ಪಾ, ಎಲ್ಲಾರೂ ಬುಗುರಿನ ಬೈತಿದಾರೆ. ನೀನು ಹೇಳು."

"ಏನು ಹೇಳಲಿ?"

"ಬೋಲ್ಟ್ ಹಾಕಿರ್ಲಿಲ್ಲ ಅಂತ."

ಅಜ್ಜಿ ಎದ್ದೇ ಬಂದಳು. "ಹುಚ್ಚು ಹಿಡಿದಿದೆಯೇನೇ ನಿಂಗೆ? ಜೈಲಿಗೆ ಹೋಗ್ಲಿ ಅಂತೀಯಾ ನನ್ನ ಮಗ? ಹತ್ತು ಗಂಟೆಗೆ ಬರಬೇಕಾದವಳು ಎಂಟಕ್ಕೇ ಬಂದು ಕುಣಿದ್ರೆ ಅದು ಇವನ ತಪ್ಪಾ?"

"ಹತ್ತಬೇಡಿ ಅಂತ ಒಂದು ಚೀಟಿನಾದ್ರೂ ಅಂಟಿಸಬಹುದಿತ್ತಲ್ಲ ಅಜ್ಜಿ."

"ನೀನೇ ತಾನೇ ಫೋನ್ ಮಾಡಿ ಕರೆಸಿದ್ದು?"

ತಾಯಿ ಚಾಕು ಕೆಳಗಿಟ್ಟಳು. "ಅತ್ತೆ, ಅವಳ ಕೈಲಿ ಫೋನ್ ಮಾಡಿಸಿದ್ದು ನಾನು. ಆ ಮಾತು ಬೇಡ."

"ಯಾವ ಮಾತೂ ಬೇಡ" ಎಂದ ಬಡಗಿ. ಎದ್ದು ಹೊರಗೆ ಹೋದ. ಆಲೂಗಡ್ಡೆ ಬೆಂದಿತು, ತಣ್ಣಗಾಯಿತು. ಅಜ್ಜಿಯೊಬ್ಬಳೇ ಉಂಡದ್ದು.

ತಾಯಿ ಆ ವಾರವೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಉಜ್ಜುತ್ತಾ ಲೆಕ್ಕ ಹಾಕಿದಳು. ಅವಳಿಗೆ ಎತ್ತ ಹೊರಳಿದರೂ ಒಂದೇ ಗೋಡೆ ಸಿಗುತ್ತಿತ್ತು. ಶಾಲೆಯ ಕೆಲಸ ಹೋದರೆ ಮನೆಯೂ ಹೋಯಿತು. ಅತ್ತೆಗೆ ಮಂಡಿ ಮಡಚಲು ಬರುವುದಿಲ್ಲ, ಮಹಡಿ ಮನೆ ಆಗುವುದಿಲ್ಲ. ಮಗಳ ಪರೀಕ್ಷೆ ಇನ್ನೇನು ಬಂತು. ಆ ಹುಡುಗನ ಕಾಲು ಏನು ಹೇಳಿದರೂ ಬರುವುದಿಲ್ಲ. ಬುಗುರಿಗಾದರೋ, ನಾಲ್ಕು ದಿನ ಬೈಯುತ್ತಾರೆ, ಆಮೇಲೆ ಮರೆಯುತ್ತಾರೆ. ಹೀಗೆ ಲೆಕ್ಕ ಹಾಕುವಾಗ ಯಾರದೋ ಬಿಳಿ ಅಂಗಿಯ ತೋಳು ಸುಟ್ಟು ಮಾಲೀಕನ ಕೈಲಿ ಬೈಸಿಕೊಂಡಳು.

ಬುಧವಾರ ಬುಗುರಿಯ ತಾಯಿ ಮನೆಗೆ ಬಂದಳು. ಸಿಟಿ ಬಸ್ಸಿನ ಕಂಡಕ್ಟರ್. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು, ಹೆಗಲಲ್ಲಿ ಚರ್ಮದ ಚೀಲ ಹಾಗೇ ಇತ್ತು. ಬಾಗಿಲಲ್ಲೇ ನಿಂತು ಮಾತಾಡಿದಳು.

"ಅಣ್ಣಾ, ನಿಮ್ಮ ಹತ್ರ ಒಂದು ಮಾತು ಕೇಳೋಕೆ ಬಂದೆ. ನನ್ನ ಮಗಳು ಬೀಗ ತೆಗೆಸಿದ್ದು ತಪ್ಪು. ಅದಕ್ಕೆ ಬೇಕಾದ ಶಿಕ್ಷೆ ಕೊಡ್ಲಿ. ಆದ್ರೆ ನಾಲ್ಕು ಜನ ಹೆಚ್ಚಾದ ಮಾತ್ರಕ್ಕೆ ಮರದ ಸ್ಟೇಜು ಬೀಳತ್ತಾ? ಮಕ್ಕಳವು, ಎಲ್ಲಾ ಸೇರಿಸಿ ತೂಗಿದ್ರೂ ಎಷ್ಟಿದ್ದಾವು? ಅದನ್ನ ಕಟ್ಟಿದವರು ನೀವು. ನೀವು ಹೇಳಿದ್ರೆ ನಂಬ್ತಾರೆ."

ಬಡಗಿ ನೆಲ ನೋಡಿದ. "ನಾನೇನು ಹೇಳಲಿ ತಾಯಿ. ಎಂಟು ಜನಕ್ಕೆ ಅಂದಿದ್ರು, ಎಂಟು ಜನಕ್ಕೆ ಮಾಡಿದೆ."

"ಅವಳು ನಿದ್ದೆ ಮಾಡಲ್ಲ ಅಣ್ಣಾ. ನನ್ನಿಂದ ಕಾಲು ಹೋಯ್ತು ಅಮ್ಮಾ, ನನ್ನಿಂದ ಹೋಯ್ತು ಅಂತಾಳೆ."

ಒಳಗಿನ ಕೋಣೆಯಲ್ಲಿ ಮಗಳು ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಾಯಿತು. ಅವಳ ತಾಯಿ ಥಟ್ಟನೆ ಹೋಗಿ ಆ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. "ಚಹಾ ಕುಡೀತೀರಾ ಅಕ್ಕಾ?" ಎಂದಳು ಕಂಡಕ್ಟರಿಗೆ. ಅವಳು ಬೇಡವೆಂದು ತಲೆಯಾಡಿಸಿ, ಚೀಲ ಸರಿಮಾಡಿಕೊಂಡು ಹೊರಟುಹೋದಳು.

ಮರುದಿನ ಸಂಜೆ ಮಗಳು ಶಾಲೆಯಿಂದ ಬಂದವಳು ಅಡುಗೆಮನೆಯಲ್ಲಿ ತಾಯಿಯ ಎದುರು ನಿಂತಳು. "ಹೆಡ್ ಮಿಸ್ ನಾಳೆ ಓದೋಕೆ ಕೊಟ್ಟಿದಾರೆ. ಕೇಳು. 'ಅಪ್ಪಣೆ ಮೀರಿ ಸ್ಟೇಜು ಹತ್ತಿದವರ ಅಜಾಗರೂಕತೆಯಿಂದ ಅಪಘಾತ ಸಂಭವಿಸಿದೆ. ನೃತ್ಯತಂಡದ ನಾಯಕಿಯನ್ನು ಎಲ್ಲ ಚಟುವಟಿಕೆಗಳಿಂದ ತೆಗೆದುಹಾಕಲಾಗಿದೆ.' ನಾನು ಇದನ್ನ ಓದಲ್ಲ."

"ಓದದೇ ಇದ್ರೆ?"

"ಬೇರೆ ಯಾರಾದ್ರೂ ಓದ್ಕೊಳ್ಳಿ."

"ನೀನು ಓದಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ನೀನು ಸುಮ್ನಿರಲ್ಲ. ನಿನ್ನ ಮುಖದಲ್ಲೇ ಗೊತ್ತಾಗಿಹೋಗತ್ತೆ."

"ಗೊತ್ತಾಗ್ಲಿ."

"ಗೊತ್ತಾದ್ರೆ ನಾಳೆ ಎಲ್ಲಿಗೆ ಹೋಗೋದು? ಅಜ್ಜಿನ ಎಲ್ಲಿ ಮಲಗಿಸ್ತೀಯಾ? ನಿಮ್ಮಪ್ಪನ ಮುಖ ನೋಡಿದೀಯಾ ನೀನು? ಕಟ್ಟಿಗೆ ಹಾಗಾಗಿದಾರೆ. ಇನ್ನೊಂದು ಪೆಟ್ಟು ಬಿದ್ರೆ ಉಳಿಯಲ್ಲ."

"ಅಮ್ಮಾ, ಅವಳು ನನ್ನ ಪಕ್ಕದಲ್ಲೇ ಕೂರೋದು."

ತಾಯಿ ಬಗ್ಗಿದಳು. ಮಗಳ ಎರಡೂ ಪಾದಗಳನ್ನು ಹಿಡಿದುಕೊಂಡಳು. ಶಾಲೆಯ ಮೈದಾನದ ಕೆಂಪು ಧೂಳು ಇನ್ನೂ ಅಂಟಿಕೊಂಡಿದ್ದ ಪಾದಗಳು. "ಇದೊಂದು ಸಲ ಓದಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

"ಬಿಡಮ್ಮಾ. ಏನಿದು? ಬಿಡು!" ಎಂದು ಮಗಳು ಕಾಲು ಕಿತ್ತುಕೊಳ್ಳಲು ನೋಡಿದಳು. ತಾಯಿ ಬಿಡಲಿಲ್ಲ. ಮಗಳು ಹೂಂ ಎನ್ನುವವರೆಗೂ ಬಿಡಲಿಲ್ಲ.

ಮೈಕಿನ ಸದ್ದು ಹಿಂಗೋಡೆ ದಾಟಿ ಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ತಾಯಿ ಲಾಂಡ್ರಿಗೆ ಹೊರಡದೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಕೂತಳು. ಮಗಳು ಓದಿದಳು. ಎಲ್ಲಿಯೂ ತಡವರಿಸಲಿಲ್ಲ, ದನಿ ನಡುಗಲಿಲ್ಲ. ಅದಾದ ಮೇಲೆ, ರಸಪ್ರಶ್ನೆ ಸ್ಪರ್ಧೆಯನ್ನು ಸೋಮವಾರಕ್ಕೆ ಮುಂದೂಡಲಾಗಿದೆ ಎಂದಳು. ಒಂಬತ್ತನೇ ತರಗತಿಯವರು ನೆಟ್ಟ ಸಸಿಗಳಿಗೆ ನೀರು ಹಾಕುವವರಿಲ್ಲ ಎಂದಳು. ಒಂದು ಕಪ್ಪು ಕೊಡೆ ಸಿಕ್ಕಿದೆ ಎಂದಳು. ತಾಯಿಗೆ ಎದೆ ಹಗುರಾಯಿತು. ಮುಗಿಯಿತಲ್ಲ, ಅಂದುಕೊಂಡಳು.

ಆವತ್ತಿನಿಂದ ಮಗಳು ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಅಜ್ಜಿ "ರೇಡಿಯೊ ಕೆಟ್ಟುಹೋಯ್ತಾ?" ಎಂದು ಎರಡು ಸಲ ಕೇಳಿ ನೋಡಿದಳು. ಯಾರೂ ನಗಲಿಲ್ಲ. ಶಾಲೆಯಲ್ಲಿ ಹುಡುಗರು ಬುಗುರಿಯ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಒಂಟಿಕಾಲಿನ ಚಿತ್ರ ಬರೆಯುತ್ತಿದ್ದಾರಂತೆ ಎಂಬ ಸುದ್ದಿ ಕಾವಲುಗಾರನ ಹೆಂಡತಿಯಿಂದ ತಾಯಿಯ ಕಿವಿಗೆ ಬಿತ್ತು. ಬುಗುರಿ ದಿನಾ ಅದನ್ನು ಒರೆಸಿ ಕೂರುತ್ತಿದ್ದಳಂತೆ. ಒಂದು ದಿನ ಒರೆಸಲು ಬರಲಿಲ್ಲ. ಕಂಡಕ್ಟರ್ ಬೇರೆ ಊರಿನ ಡಿಪೋಗೆ ವರ್ಗ ಕೇಳಿಕೊಂಡು ಮಗಳನ್ನು ಕರೆದುಕೊಂಡು ಹೋದಳು. ಪರೀಕ್ಷೆಗೆ ಇನ್ನೆರಡು ತಿಂಗಳು ಇದ್ದಾಗ.

ವಾರ್ಷಿಕೋತ್ಸವ ಮಾತ್ರ ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಹೊಸ ಸ್ಟೇಜು ಕಟ್ಟಲು ಬಡಗಿಗೇ ಹೇಳಿದರು. ಅವನು ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದ. ತಿನ್ನುತ್ತಿರಲಿಲ್ಲ. ತಾಯಿ ಬುತ್ತಿ ಕಳಿಸಿದರೆ ಹಾಗೇ ವಾಪಸು ಬರುತ್ತಿತ್ತು. ಸ್ಟೇಜು ಮುಗಿದ ದಿನ ನಾಟಕದ ಮಕ್ಕಳು ಬಂದು ಸುತ್ತ ನಿಂತಾಗ ಅವನು ಅಡ್ಡ ನಿಂತು, "ಇನ್ನೂ ಹತ್ತಬೇಡಿ" ಎಂದನಂತೆ. ಸ್ಟೇಜಿನ ಅಡಿಗೆ ತೂರಿ ಒಂದೊಂದು ಬೋಲ್ಟನ್ನೂ ಮುಟ್ಟಿ ಬಂದು ಮತ್ತೆ, "ಇನ್ನೂ ಹತ್ತಬೇಡಿ" ಎಂದನಂತೆ. ಮತ್ತೆ ತೂರಿದನಂತೆ. ಹೆಡ್ ಮಿಸ್ ಬಂದು ಗದರಿದಾಗ ಹೊರಗೆ ಬಂದು ಕೂತು, ಮಕ್ಕಳ ಎದುರಿಗೇ ಅತ್ತುಬಿಟ್ಟನಂತೆ.

ಇದನ್ನು ಅವನೇ ಮನೆಯಲ್ಲಿ ಹೇಳಿದ. ದೀಪ ಹಚ್ಚುವ ಹೊತ್ತು. ಮಗಳು ಹಿತ್ತಲ ಬಾಗಿಲಲ್ಲಿ ಓದುತ್ತಿದ್ದಳು.

"ಆಫೀಸ್ ರೂಮಿಗೆ ಹೋಗಿ ಎಲ್ಲಾ ಹೇಳ್ಬಿಟ್ಟೆ" ಎಂದ.

ಅಜ್ಜಿ ತಲೆ ಚಚ್ಚಿಕೊಂಡಳು. "ಹಾಳು ಮಾಡ್ದೆ! ಮನೆ ಹಾಳು ಮಾಡ್ದೆ!"

"ಹೆಡ್ ಮಿಸ್ ಏನಂದ್ರು?" ಎಂದಳು ತಾಯಿ.

"ಬಾಗಿಲು ಹಾಕಿದ್ರು. 'ಮುಗಿದುಹೋದ ವಿಷಯ, ಈಗ ಎತ್ತಬೇಡ, ನಿನಗೂ ಕಷ್ಟ ನಮಗೂ ಕಷ್ಟ, ಹೋಗಿ ಕೆಲಸ ನೋಡು' ಅಂದ್ರು."

"ಸದ್ಯ, ಒಳ್ಳೇದಾಯ್ತು" ಎಂದು ತಾಯಿಯ ಬಾಯಿಂದ ಬಂದೇಬಿಟ್ಟಿತು. ಮಗಳು ತಲೆಯೆತ್ತಿ ನೋಡಿದಳು, ತಾಯಿಯನ್ನಲ್ಲ, ಅಪ್ಪನನ್ನು.

"ಈಗ ಏನ್ಮಾಡ್ತೀಯಾ ಅಪ್ಪಾ?"

"ಗೋಲಿ ಮನೆಗೆ ಹೋಗಿ ಹೇಳ್ತೀನಿ. ನೀನು ಬರ್ತೀಯಾ? ನನಗೆ ಒಬ್ಬನಿಗೇ ಆಗಲ್ಲ."

ಮಗಳು ಪುಸ್ತಕ ಮುಚ್ಚಿದಳು. ತಾಯಿಯನ್ನು ಯಾರೂ ಕರೆಯಲಿಲ್ಲ. ಆದರೂ ಅವಳು ಸೆರಗು ಹೊದ್ದುಕೊಂಡು ಹಿಂದೆಯೇ ನಡೆದಳು.

ಗೋಲಿಯ ಅಪ್ಪನದು ಕ್ಷೌರದಂಗಡಿ. ಅಂಗಡಿಯ ಹಿಂದೆಯೇ ಮನೆ. ಗಿರಾಕಿಯೊಬ್ಬನ ಕುತ್ತಿಗೆಗೆ ಬಟ್ಟೆ ಕಟ್ಟುತ್ತಿದ್ದವನು ಬಡಗಿಯನ್ನು ನೋಡಿ, "ಬನ್ನಿ ಬನ್ನಿ, ಅವತ್ತು ನೀವಿಲ್ಲದಿದ್ರೆ ನನ್ನ ಮಗನ ಜೀವವೇ ಹೋಗ್ತಿತ್ತು" ಎಂದು ಒಳಗೆ ಕರೆದುಕೊಂಡು ಹೋದ. ತಾಯಿಗೆ ಆ ಮಾತು ಕೇಳಿ ಅಲ್ಲಿಂದಲೇ ಹಿಂದಿರುಗೋಣ ಅನ್ನಿಸಿತು. ಹುಡುಗ ಮಂಚದ ಮೇಲೆ ಕೂತಿದ್ದ. ಮಡಚಿ ಪಿನ್ನು ಹಾಕಿದ ಪೈಜಾಮದ ಕಾಲು ಖಾಲಿಯಾಗಿ ಬಿದ್ದಿತ್ತು.

ಬಡಗಿ ನಿಂತೇ ಹೇಳಿದ. ಸುತ್ತಿಬಳಸಲಿಲ್ಲ. ಮೊಳೆ ಮಾತ್ರ ಹೊಡೆದದ್ದು, ಮನೆಗೆ ಓಡಿಬಂದದ್ದು, ಸರಿಯಾಗಿತ್ತು ಎಂದು ಸುಳ್ಳು ಹೇಳಿದ್ದು. ನಲ್ಲಿಯ ಹೆಸರನ್ನೂ ಎತ್ತಲಿಲ್ಲ. ಕ್ಷೌರಿಕನ ಕೈಯಲ್ಲಿ ಬಾಚಣಿಗೆ ಇತ್ತು. ಅದನ್ನು ಅವನು ಹಲ್ಲುಗಳು ಅಂಗೈಗೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದ.

ಹುಡುಗನೇ ಮೊದಲು ಮಾತಾಡಿದ್ದು.

"ಹಾಗಾದ್ರೆ ಬುಗುರಿ ಏನೂ ಮಾಡಿರ್ಲಿಲ್ವಾ?"

"ಇಲ್ಲಪ್ಪಾ."

"ಅವಳು ಆಸ್ಪತ್ರೆಗೆ ನನ್ನ ನೋಡೋಕೆ ಬಂದಿದ್ಳು. ಕಿತ್ತಳೆ ಹಣ್ಣು ತಂದಿದ್ಳು." ಹುಡುಗ ಮಗಳ ಕಡೆ ತಿರುಗಿದ. "ನೀನು ವಾರ್ತೆ ಓದಿದ ದಿನಾನೇ. ನಮ್ಮ ಟೀಮಿನವರೆಲ್ಲಾ ಇದ್ರು, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದು ಕೇಳಿಸಿದ್ರು. ನಾನು ಆ ಹಣ್ಣನ್ನ ಅವಳ ಮುಖಕ್ಕೆ ಎಸೆದೆ. ಒಂದೊಂದಾಗಿ. ಅವಳು ಅಲ್ಲಾಡ್ಲಿಲ್ಲ, ಸುಮ್ನೆ ನಿಂತಿದ್ಳು. ಎಲ್ಲಾ ಮುಗಿದ ಮೇಲೆ ಹೋದ್ಳು."

"ಹೊರಗೆ ಹೋಗಿ" ಎಂದ ಕ್ಷೌರಿಕ ಮೆಲ್ಲಗೆ. "ನಾನು ಕೈ ಎತ್ತೋದರೊಳಗೆ ಹೋಗಿ."

ಮರುದಿನವೇ ಕ್ಷೌರಿಕ ಸಂಘದವರ ಮನೆ ಬಾಗಿಲು ಬಡಿದ. ಈಗ ಅವರಿಗೆ ಬೇರೆ ದಾರಿ ಇರಲಿಲ್ಲ. ಬಡಗಿಯನ್ನು ಪೊಲೀಸರು ಕರೆಸಿ ಒಂದು ದಿನ ಕೂರಿಸಿಕೊಂಡು ಬಿಟ್ಟರು. ಕೇಸು ಮುಂದೆ ನಡೆಯುವುದಿತ್ತು. ಕೆಲಸ ಹೋಯಿತು. ಮನೆ ಖಾಲಿ ಮಾಡಲು ವಾರದ ಗಡುವು ಸಿಕ್ಕಿತು. ಬೆಳಗಿನ ವಾರ್ತೆಯನ್ನು ಈಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಓದುತ್ತಿದ್ದಳು. ಮಗಳು ತಾನಾಗಿಯೇ ಬಿಟ್ಟಿದ್ದಳು. ಕರ್ತವ್ಯಲೋಪಕ್ಕಾಗಿ ಬಡಗಿಯನ್ನು ತೆಗೆದುಹಾಕಲಾಗಿದೆ ಎಂದು ಆ ಹುಡುಗಿ ತೊದಲುತ್ತಾ ಓದಿದ್ದನ್ನು ತಾಯಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಾ ಕೇಳಿದಳು. ಬುಗುರಿಯ ಬಗ್ಗೆ ಒಂದಾದರೂ ಮಾತು ಬರುತ್ತದೇನೋ ಎಂದು ಕಿವಿಗೊಟ್ಟಳು. ಬರಲಿಲ್ಲ. ಕ್ರೀಡಾಕೂಟದ ಸುದ್ದಿ ಬಂತು.

ಮರದ ಅಡ್ಡೆಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಮನೆ ಸಿಕ್ಕಿತು. ಬಡಗಿ ಅಡ್ಡೆಯಲ್ಲಿ ದಿಮ್ಮಿ ಇಳಿಸುವ ಕೂಲಿಗೆ ಸೇರಿದ. ಉಳಿ ಗರಗಸ ಯಾರೂ ಅವನ ಕೈಗೆ ಕೊಡಲಿಲ್ಲ. ಅಜ್ಜಿ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಹಾಕಿ ಮಲಗುತ್ತಿದ್ದಳು. ಎದ್ದರೆ ಮಗನನ್ನು ಬೈಯುತ್ತಿದ್ದಳು. ಆದರೆ ತಾಯಿ ಒಂದನ್ನು ಗಮನಿಸಿದಳು. ಮಗಳು ಸಂಜೆ ಅಡ್ಡೆಯವರೆಗೆ ಹೋಗಿ ಅಪ್ಪನ ಜೊತೆ ನಡೆದು ಬರುತ್ತಿದ್ದಳು. ಇಬ್ಬರೂ ಹೊಸಿಲ ಮೇಲೆ ಕೂತು ಉಣ್ಣುತ್ತಿದ್ದರು. ಒಂದು ಭಾನುವಾರ ಹೇಳದೆ ಕೇಳದೆ ಇಬ್ಬರೂ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಕತ್ತಲಿಗೆ ಬಂದರು. ಅಪ್ಪ ಮಗಳು ಒಂದಾದರಲ್ಲ, ಅಷ್ಟಾದರೂ ಆಯಿತು ಎಂದು ತಾಯಿ ನೆಮ್ಮದಿ ಮಾಡಿಕೊಂಡಳು. ತನ್ನನ್ನು ಮಗಳು 'ಅಮ್ಮಾ' ಎಂದು ಕರೆದು ಎಷ್ಟು ಕಾಲವಾಯಿತು ಎಂದು ಅವಳಿಗೆ ಹೊಳೆದದ್ದು ಆಮೇಲೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು. ತಾನಾಗಿ ಒಂದು ಮಾತೂ ಇರಲಿಲ್ಲ.

ಒಂದು ಬೆಳಿಗ್ಗೆ ಬಡಗಿ ಕೂಲಿಗೆ ಹೋದ ಮೇಲೆ ತಾಯಿ ಬ್ರೆಡ್ಡು ಕಾಯಿಸುತ್ತಾ ಕೇಳಿಯೇಬಿಟ್ಟಳು.

"ಅವತ್ತು ಎಲ್ಲಿಗೆ ಹೋಗಿದ್ರಿ ಇಬ್ಬರೂ?"

"ಬುಗುರಿ ಮನೆಗೆ."

"ನನಗೆ ಯಾಕೆ ಹೇಳ್ಲಿಲ್ಲ?"

ಮಗಳು ಜಡೆ ಹಾಕಿಕೊಳ್ಳುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಏನಂದ್ಳು ಅವಳು?"

"ಅಪ್ಪ ಕ್ಷಮೆ ಕೇಳಿದ್ರು. ಅವಳಮ್ಮ ಅತ್ರು, ಬೈದ್ರು. ಆಮೇಲೆ ನೀರು ಕೊಟ್ರು. ಅವಳು ಅಪ್ಪನ ಹತ್ರ ಮಾತಾಡಿದ್ಳು."

"ನಿನ್ನ ಹತ್ರ?"

"'ನಿನಗೆ ಗೊತ್ತಿತ್ತಾ?' ಅಂತ ಕೇಳಿದ್ಳು. ಹೂಂ ಅಂದೆ. ಎದ್ದು ಒಳಗೆ ಹೋದ್ಳು. ಬರಲೇ ಇಲ್ಲ."

ತಾಯಿಗೆ ಸಿಟ್ಟು ಬಂದಿತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. "ಅದಕ್ಕೆ ನನ್ನ ಮೇಲೆ ಯಾಕೆ ಮುನಿಸು? ಬೋಲ್ಟ್ ಬಿಟ್ಟಿದ್ದು ನಾನಾ? ಸುಳ್ಳು ಹೇಳಿದ್ದು ನಾನಾ? ಅಪ್ಪನ ಜೊತೆ ನಕ್ಕೊಂಡು ಓಡಾಡ್ತೀಯ. ನಾನೇನು ಮಾಡಿದೆ ನಿಂಗೆ?"

ಮಗಳು ಜಡೆಯ ತುದಿಗೆ ರಬ್ಬರು ಸುತ್ತಿದಳು. ಚೀಲ ಹೆಗಲಿಗೆ ಹಾಕಿಕೊಂಡಳು.

"ಅಪ್ಪ ಹೆದರಿದ್ರು, ಸುಳ್ಳು ಹೇಳಿದ್ರು. ಆದ್ರೆ ನನ್ನ ಕೈಲಿ ಹೇಳಿಸ್ಲಿಲ್ಲ" ಎಂದಳು. "ನೀನು ಕಾಲು ಹಿಡಿದೆ. ನಾನು ಬಿಡಿಸ್ಕೊಳ್ಳೋಕೆ ನೋಡಿದೆ, ನೀನು ಬಿಡ್ಲಿಲ್ಲ."

ದನಿ ಏರಿರಲಿಲ್ಲ. ಬ್ರೆಡ್ಡಿನ ಅಂಚು ಕರಿದಾಗಿ ಹೊಗೆ ಬರುತ್ತಿತ್ತು. ಮೂಲೆಯಿಂದ ಅಜ್ಜಿ ಕೆಮ್ಮಿದಳು. ತಾಯಿ ಒಲೆ ಆರಿಸಿ ತಿರುಗುವಷ್ಟರಲ್ಲಿ ಮಗಳು ಚಪ್ಪಲಿ ಮೆಟ್ಟಿ ಓಣಿಗೆ ಇಳಿದಿದ್ದಳು.

"ತಿಂದು ಹೋಗೇ" ಎಂದು ತಾಯಿ ಬಾಗಿಲಿಗೆ ಬಂದು ಕೂಗಿದಳು.

ಮಗಳು ತಿರುಗಿ, "ಹಸಿವಿಲ್ಲ" ಎಂದಳು. ಕೇಳಿದ್ದಕ್ಕೆ ಉತ್ತರ ಕೊಡುವ ಅದೇ ದನಿಯಲ್ಲಿ. ಮತ್ತೆ ನಡೆದಳು.